ಪ್ರೇಮಮ್ಮನ ಆರು ಖಾಲಿ ಕುಂಡಗಳು

ನಿವೃತ್ತನಾದ ಗಂಡಸಿಗೆ ಸ್ವಂತ ಮನೆಯಲ್ಲಿ ಎಷ್ಟನೆಯ ಸ್ಥಾನ ಎಂಬುದು ತಿಳಿಯಬೇಕಾದರೆ, ಹೆಂಡತಿ ಊರಿಗೆ ಹೊರಡುವಾಗ ಬರೆದಿಟ್ಟು ಹೋಗುವ ಚೀಟಿಯನ್ನು ಓದಬೇಕು. ಚನ್ನಗಿರಿಯ ಹಾಲಸ್ವಾಮಿಯವರು ಅದನ್ನು ಓದಿದ್ದು ಫೆಬ್ರವರಿ ತಿಂಗಳ ಒಂದು ಸೋಮವಾರ. ಹೆಂಡತಿ ಪ್ರೇಮಮ್ಮನನ್ನು ದಾವಣಗೆರೆ ಬಸ್ಸಿಗೆ ಹತ್ತಿಸಿ ಮನೆಗೆ ಬಂದು, ಪಂಚೆ ಸಡಿಲ ಮಾಡಿಕೊಂಡು, ಇನ್ನು ಮೂರು ವಾರ ತಾನೇ ಈ ಮನೆಯ ಏಕಚ್ಛತ್ರಾಧಿಪತಿ ಎಂದು ಕುರ್ಚಿಯಲ್ಲಿ ಕೂತಾಗ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆ ಚೀಟಿ ಕಣ್ಣಿಗೆ ಬಿತ್ತು.

"ದಾಸವಾಳಕ್ಕೆ ದಿನಾ ಒಂದು ಚೊಂಬು ನೀರು. ಬಿಳಿ ಹುಳ ಕಂಡರೆ ಬೇವಿನೆಣ್ಣೆ. ಕನಕಾಂಬರಕ್ಕೆ ಬುಡಕ್ಕೆ ಮಾತ್ರ ಹಾಕುವುದು, ತಲೆಗೆ ಸುರಿಯಬಾರದು. ಮಲ್ಲಿಗೆಯ ಎಲೆ ನಾನೇ ಉದುರಿಸಿದ್ದೇನೆ. ಒಣಗಿತು ಅಂತ ಗಾಬರಿಬಿದ್ದು ನೀರು ಹುಯ್ಯಬೇಡಿ, ಅದು ಮೊಗ್ಗಿಗೆ ತಯಾರಾಗುತ್ತಿದೆ. ನಂದಬಟ್ಟಲು ತನ್ನ ಪಾಡಿಗೆ ತಾನಿರುತ್ತದೆ. ನಿಮಗೆ: ರೊಟ್ಟಿ ಹಿಟ್ಟು ಡಬ್ಬಿಯಲ್ಲಿದೆ."

ಹಾಲಸ್ವಾಮಿಯವರು ಎರಡು ಸಲ ಓದಿದರು. ದಾಸವಾಳಕ್ಕೆ ಎರಡು ವಾಕ್ಯವಿದ್ದರೂ ತಾಳಿ ಕಟ್ಟಿದವನಿಗೆ ಒಂದೇ! ಅದೂ ನಂದಬಟ್ಟಲಿನ ಕೆಳಗೆ. ನಂದಬಟ್ಟಲಾದರೂ ತನ್ನ ಪಾಡಿಗೆ ತಾನಿರುತ್ತದೆ ಎಂಬ ಸರ್ಟಿಫಿಕೇಟ್ ಪಡೆದಿತ್ತು. (ಹಾಲಸ್ವಾಮಿಯವರ ಬಗ್ಗೆ ಅಂಥ ಅಭಿಪ್ರಾಯವನ್ನು ಪ್ರೇಮಮ್ಮ ಎಂದೂ ವ್ಯಕ್ತಪಡಿಸಿದವಳಲ್ಲ.)

ಪ್ರೇಮಮ್ಮ ಹೊರಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಗೆ, ತಂಗಿ ಕೆಂಪಕ್ಕನ ಮನೆಗೆ. ಕೆಂಪಕ್ಕನ ಮಗಳು ಚೈತ್ರಶ್ರೀಗೆ ಹೆರಿಗೆಯಾಗಿತ್ತು. ಬಾಣಂತನದ ವಿಷಯದಲ್ಲಿ ಪ್ರೇಮಮ್ಮನ ಮಾತು ಆ ಮನೆತನದಲ್ಲಿ ಕೊನೆಯ ಮಾತು. ಬಾಣಂತಿಯನ್ನು ನೋಡಿಕೊಳ್ಳಲು ಹೋಗುವವಳಿಗೆ ಇದ್ದ ಒಂದೇ ಚಿಂತೆ ಗಿಡಗಳದ್ದು. ಅಂಗಳದಲ್ಲಿ, ಕಾಂಪೌಂಡಿನ ಮೇಲೆ, ಮೆಟ್ಟಿಲ ಮೇಲೆ ಎಲ್ಲೆಂದರಲ್ಲಿ ವರ್ಷಾನುಗಟ್ಟಲೆಯಿಂದ ಅವಳು ಸಾಕಿಕೊಂಡು ಬಂದ ಹೂಗಿಡಗಳಿದ್ದವು. ಒಂದಕ್ಕೂ ಹಾಲಸ್ವಾಮಿಯವರ ಕೈ ತಾಗಿರಲಿಲ್ಲ, ತಾಗಲು ಅವಳು ಬಿಟ್ಟೂ ಇರಲಿಲ್ಲ.

ಇದು ಹಾಲಸ್ವಾಮಿಯವರಿಗೆ ನುಂಗಲಾರದ ತುತ್ತು. ಅವರು ಪಶುಸಂಗೋಪನೆ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದವರು. ಹೊನ್ನಾಳಿ, ನ್ಯಾಮತಿ ಸುತ್ತಿನ ಅದೆಷ್ಟು ಎಮ್ಮೆಗಳ ಹೊಟ್ಟೆ ಮುಟ್ಟಿ ರೋಗ ಹೇಳಿದವರೋ! ಬಾಯಿ ಬಾರದ ಎಮ್ಮೆಯ ಕಷ್ಟ ತಿಳಿಯುವವನಿಗೆ ಬಾಯಿ ಬಾರದ ಗಿಡದ ಕಷ್ಟ ತಿಳಿಯುವುದಿಲ್ಲವೇ? ಎಮ್ಮೆಯಾದರೂ ಒದೆಯುತ್ತದೆ. ಗಿಡ ಒದೆಯುವುದೂ ಇಲ್ಲ.

ಎರಡು ದಿನ ಚೀಟಿಯ ಪ್ರಕಾರ ನಡೆದರು. ಮೂರನೆಯ ದಿನ ಬೆಳಿಗ್ಗೆ, ಚೊಂಬು ಹಿಡಿದು ಅಂಗಳ ತಪಾಸಣೆ ಮಾಡುತ್ತಿದ್ದಾಗ, ಗೋಡೆಯ ನೆರಳಿನಲ್ಲಿ ಸಾಲಾಗಿ ಇಟ್ಟಿದ್ದ ಆರು ಕುಂಡಗಳು ಕಂಡವು. ಆರರಲ್ಲೂ ಬರೀ ಮಣ್ಣು. ಗಿಡವಿಲ್ಲ, ಎಲೆಯಿಲ್ಲ, ಕಡ್ಡಿಯೂ ಇಲ್ಲ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಚೀಟಿಯಲ್ಲಿ ಇವುಗಳ ಹೆಸರೇ ಇರಲಿಲ್ಲ.

"ಸಿಕ್ಕಿಬಿದ್ದೆ ಪ್ರೇಮಾ!" ಎಂದು ಹಾಲಸ್ವಾಮಿಯವರು ಒಬ್ಬರೇ ಗಟ್ಟಿಯಾಗಿ ಹೇಳಿಕೊಂಡರು. ದೊಡ್ಡ ತೋಟಗಾರ್ತಿ! ಆರು ಕುಂಡ ಖಾಲಿ ಬಿದ್ದಿರುವುದೇ ಗೊತ್ತಿಲ್ಲ! ಆಗಲೇ ಅವರ ತಲೆಯಲ್ಲಿ ದಿವ್ಯವಾದ ಯೋಜನೆಯೊಂದು ರೂಪುಗೊಂಡಿತು. ಆರು ಕುಂಡಕ್ಕೆ ಆರು ಗುಲಾಬಿ. ಹೆಂಡತಿ ಸೊಕ್ಕೆಯಿಂದ ಬಂದು ಗೇಟು ತೆಗೆಯುವ ಹೊತ್ತಿಗೆ ಸಾಲಾಗಿ ಅರಳಿ ನಿಂತಿರಬೇಕು. ಆಗ ಅವಳ ಮುಖ ನೋಡಬೇಕು!

ಸ್ಕೂಟರಿನಲ್ಲಿ ಕತ್ತಲಗೆರೆ ಕಡೆ ಹೋಗಿ ಒಂದು ನರ್ಸರಿಯಿಂದ ಗುಲಾಬಿ ತಂದರು. ನರ್ಸರಿಯವನು "ಒಂದ್ಸಲ ನೆಟ್ರೆ ಮುಗೀತು ಸಾರ್, ಹತ್ತು ವರ್ಷ ತಿರುಗಿ ನೋಡೋದೇ ಬ್ಯಾಡ" ಎಂದಿದ್ದ. ತಿರುಗಿ ನೋಡಬೇಕಿಲ್ಲದ ಗಿಡವೇ ಹಾಲಸ್ವಾಮಿಯವರಿಗೂ ಬೇಕಾಗಿತ್ತು.

ಹಳೆಯ ಮಣ್ಣನ್ನು ಗೋಣಿ ಮೇಲೆ ಸುರಿಯುತ್ತಿದ್ದಂತೆ ಪ್ರತಿ ಕುಂಡದಿಂದಲೂ ಈರುಳ್ಳಿಯಂಥದ್ದೊಂದು ಉರುಳಿ ಬಿತ್ತು. ಹಾಲಸ್ವಾಮಿಯವರು ಒಂದನ್ನು ಎತ್ತಿ ನೋಡಿದರು. ಮೇಲೆ ಒಣಸಿಪ್ಪೆ, ಕೆಳಗೆ ಬೇರು. "ಇಲಿಗಳ ಕೆಲಸ. ಅಡುಗೆಮನೆ ಈರುಳ್ಳಿ ತಂದು ಇಲ್ಲಿ ಹೂತಿಟ್ಟಾವೆ" ಎಂದು ರೋಗನಿರ್ಣಯ ಮಾಡಿದರು. ಕೊಳೆತರೆ ಗೊಬ್ಬರವಾದೀತು ಎಂದು ಮಣ್ಣಿಗೇ ಎಸೆದರು.

ಆಗಲೇ ಗೇಟಿನ ಬಳಿ ಮೊಪೆಡ್ ನಿಂತಿತು. ಬಂದವರು ಅಂಜಿನಪ್ಪ. ಎರಡು ಬೀದಿ ಆಚೆ ಹೊಸ ಮನೆ ಕಟ್ಟಿಸಿ ತಿಂಗಳಾಗಿರಲಿಲ್ಲ. ಮೊಪೆಡ್ಡಿನ ಮುಂದೆ ಎರಡು ಖಾಲಿ ಸಿಮೆಂಟ್ ಚೀಲ, ಮುಖದ ಮೇಲೆ ಬೆವರು.

"ಎಲ್ಲಿಗೆ ಹೊರಟ್ರಿ ಅಂಜಿನಪ್ಪ?"

"ಏನು ಹೇಳ್ಲಿ ಸ್ವಾಮಣ್ಣ. ಅಂಗಳದಾಗೆ ತುಳಸಿ ಕಟ್ಟೆ ಕಟ್ಸೀವಲ್ಲ, ಅದಕ್ಕೆ ತುಂಬಾಕೆ ಹೊನ್ನಾಳಿ ಹೊಳೆ ಮಣ್ಣೇ ಆಗ್ಬೇಕಂತೆ ನಮ್ಮನೆಯಾಕೆ ಸುಂಕಲಮ್ಮಗೆ. ತುಂಗಭದ್ರೆ ದಂಡೆದು. ಚನ್ನಗಿರಿ ಮಣ್ಣು ಮಣ್ಣಲ್ವಾ ಅಂದೆ. ಅದಕ್ಕೆ ಅವಳು ನನ್ನನ್ನ ನೋಡಿದ್ಲು ನೋಡ್ರಿ…" ಅಂಜಿನಪ್ಪ ಮಾತು ನಿಲ್ಲಿಸಿದರು. ಆ ನೋಟ ಎಂಥದ್ದೆಂದು ಹಾಲಸ್ವಾಮಿಯವರಿಗೆ ವಿವರಿಸುವ ಅಗತ್ಯವಿರಲಿಲ್ಲ. ಅವರ ಮನೆಯಲ್ಲೂ ಅದೇ ಕಂಪನಿಯ ನೋಟವಿತ್ತು.

ಅಂಜಿನಪ್ಪನವರ ಕಣ್ಣು ಗೋಣಿಯ ಮೇಲಿದ್ದ ಮಣ್ಣಿನ ಗುಡ್ಡೆಯತ್ತ ಹೋಯಿತು. ಕಪ್ಪಗೆ, ನುಣ್ಣಗೆ, ಪ್ರೇಮಮ್ಮ ವರ್ಷಗಟ್ಟಲೆ ಸಗಣಿ ಗೊಬ್ಬರ ಬೆರೆಸಿ ಹದ ಮಾಡಿದ ಮಣ್ಣು.

"ಇದನ್ನೇನು ಮಾಡ್ತೀರಿ?"

"ಚೆಲ್ಲಬೇಕು."

"ಹೊಳೆ ಮಣ್ಣು ಹೆಂಗಿರ್ತೈತೆ ಸ್ವಾಮಣ್ಣ?"

"ಮಣ್ಣು ಇದ್ದಂಗೇ ಇರ್ತೈತೆ."

ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಹತ್ತು ನಿಮಿಷದಲ್ಲಿ ಎರಡೂ ಚೀಲ ತುಂಬಿದವು. ಹಾಲಸ್ವಾಮಿಯವರು ಕುಂಡಗಳಿಗೆ ಹಿತ್ತಲ ಮಣ್ಣು ತುಂಬಿ ಗುಲಾಬಿ ನೆಟ್ಟರು. ಅಂಜಿನಪ್ಪ ನೇರ ಮನೆಗೆ ಹೋಗಲಿಲ್ಲ. ಹೊನ್ನಾಳಿಗೆ ಹೋಗಿ ಬರಲು ಬೇಕಾಗುವಷ್ಟು ಹೊತ್ತು ಸ್ನೇಹಿತರ ಅಂಗಡಿಯಲ್ಲಿ ಕೂತು, ಪಂಚೆಯ ತುದಿಯನ್ನು ನಲ್ಲಿಯಲ್ಲಿ ನೆನೆಸಿಕೊಂಡು, ಆಮೇಲೆ ಹೋದರು.

ಅವತ್ತು ಸಂಜೆ ಸೊಕ್ಕೆಯಿಂದ ಫೋನು ಬಂತು. ಮಗು ಚೆನ್ನಾಗಿದೆ, ಬಾಣಂತಿ ಚೆನ್ನಾಗಿದ್ದಾಳೆ, ಕೆಂಪಕ್ಕ ಎಂದಿನಂತೆ ಮಾತು ಕೇಳುವುದಿಲ್ಲ ಇತ್ಯಾದಿ ವರದಿಗಳಾದ ಮೇಲೆ ಪ್ರೇಮಮ್ಮ ಕೇಳಿದಳು: "ಗೋಡೆ ಕಡೆ ಆರು ಕುಂಡಕ್ಕೆ ನೀರು ಗೀರು ಹಾಕಿಲ್ಲ ಅಲ್ವಾ? ಅವು ಮಲಗ್ಯಾವೆ."

"ಯಾರು ಮಲಗ್ಯಾರೆ?" ಹಾಲಸ್ವಾಮಿಯವರ ಧ್ವನಿ ಸ್ವಲ್ಪ ಸಣ್ಣದಾಯಿತು.

"ಮೇ ಫ್ಲವರ್ ಗೆಡ್ಡೆ ಕಣ್ರೀ. ಚಳಿಗಾಲ ಬಂತಂದ್ರೆ ಎಲೆ ಎಲ್ಲಾ ಉದುರಿಸಿ ಮಣ್ಣಾಗೆ ಮಲಕ್ಕೊಂತಾವೆ. ಮೇ ತಿಂಗಳಿಗೆ ಏಳ್ತಾವೆ. ಕೆಂಪನೆ ಚೆಂಡು ಬಿಡಲ್ವಾ ವರ್ಷಾ ವರ್ಷಾ? ಬೀದಿಯೋರೆಲ್ಲ ನೋಡಾಕೆ ಬರಲ್ವಾ? ನಮ್ಮವ್ವ ಮದುವೇಲಿ ಒಂದು ಗೆಡ್ಡೆ ಉಡಿಗೆ ಹಾಕಿ ಕಳಿಸಿದ್ಲು. ಅದೇ ಈಗ ಆರಾಗೈತೆ. ನೀವು ಎಲ್ಲಿ ನೋಡಿದೀರಿ, ಬೆಳಗಾದ್ರೆ ಎಮ್ಮೆ ಹಿಂದೆ ಹೋಗ್ತಿದ್ರಿ. ಚೀಟಿ ಹಿಂದ್ಗಡೆ ಬರ್ದೀನಲ್ಲ?"

ಹಾಲಸ್ವಾಮಿಯವರು ಫೋನಿಟ್ಟು ಫ್ರಿಜ್ಜಿನತ್ತ ನಡೆದರು. ಚೀಟಿಯನ್ನು ಕಿತ್ತು ತಿರುಗಿಸಿದರು. ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು: "ಖಾಲಿ ಕಾಣುವ ಆರು ಕುಂಡ ಖಾಲಿ ಅಲ್ಲ. ಮುಟ್ಟಬೇಡಿ."

ಪ್ರೇಮಮ್ಮನ ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹಾಲಸ್ವಾಮಿಯವರು ಅವತ್ತು ರೊಟ್ಟಿ ಹಿಟ್ಟಿನ ಡಬ್ಬಿಯನ್ನೇ ತೆರೆಯಲಿಲ್ಲ. ಹೆದರಿಕೆ ಒಂದು ಪಾಲು, ನಿಜವಾದ ಸಂಕಟ ಇನ್ನೊಂದು ಪಾಲು.

ಬೆಳಗಾಗುತ್ತಲೇ ಅಂಜಿನಪ್ಪನ ಮನೆಗೆ ಓಡಿದರು. ತಡವಾಗಿತ್ತು. ಕಟ್ಟೆಗೆ ಮಣ್ಣು ತುಂಬಿ, ನಡುವೆ ತುಳಸಿ ನೆಟ್ಟು, ಅರಿಶಿನ ಕುಂಕುಮ ಹಚ್ಚಿ, ಸುಂಕಲಮ್ಮ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದಳು. ಹಾಲಸ್ವಾಮಿಯವರು ಅಂಜಿನಪ್ಪನನ್ನು ಗೇಟಿನಾಚೆ ಎಳೆದುಕೊಂಡು ಹೋಗಿ ವಿಷಯ ಹೇಳಿದರು.

"ಆರು ಗೆಡ್ಡೆ, ಅಷ್ಟೇ ಅಂಜಿನಪ್ಪ. ಐದು ನಿಮಿಷ ಅಗೀತೀನಿ."

"ಪೂಜೆ ಆದ ಕಟ್ಟೆ ಅಗೀತೀರಾ? ಏನಂತ ಹೇಳಿ ಅಗೀತೀರಿ?"

"ನಿಜ ಹೇಳೋಣ."

"ನಿಜಾನಾ?" ಅಂಜಿನಪ್ಪ ಆ ಪದವನ್ನು ಮೊದಲ ಸಲ ಕೇಳಿದವರಂತೆ ನೋಡಿದರು. "ಸ್ವಾಮಣ್ಣ, ನಿನ್ನೆ ಅವಳು ನನ್ನ ಕಾಲಿಗೆ ಬಿದ್ದಾಳೆ. ಮದುವೆ ಆದ ಮೇಲೆ ಫಸ್ಟ್ ಟೈಮು. 'ಬಿಸಿಲಾಗೆ ಹೊಳೆಗೆ ಇಳಿದು ತಂದ್ರಲ್ಲ' ಅಂತ ಕಣ್ಣೀರು ಹಾಕ್ಯಾಳೆ. ಹೋಳಿಗೆ ಮಾಡ್ಯಾಳೆ. ಅದು ನಿಮ್ಮ ಮನೆ ಕುಂಡದ ಮಣ್ಣು ಅಂತ ಗೊತ್ತಾದ್ರೆ ನನ್ನನ್ನೇ ಆ ಕಟ್ಟೆಯಾಗೆ ನೆಡ್ತಾಳೆ. ನಿಮ್ಮ ದಮ್ಮಯ್ಯ, ಬಾಯಿ ಬಿಡಬ್ಯಾಡ್ರಿ."

ಹೋಳಿಗೆ ಇನ್ನೂ ಉಳಿದಿತ್ತು. ಹಾಲಸ್ವಾಮಿಯವರು ಎರಡು ತಿಂದು, ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು ಬಂದರು.

ಮನೆಗೆ ಬಂದವರು ಯೋಚಿಸಿದರು. ಕುಂಡ ಖಾಲಿ ಕಂಡರೆ ತೊಂದರೆಯಿಲ್ಲ, ಖಾಲಿಯೇ ಕಾಣಬೇಕು. ಆದರೆ ಪ್ರೇಮಮ್ಮ ಬೆರಳು ಹಾಕಿ ಕೆದಕಿ ನೋಡುವವಳು. ಕೆದಕಿದರೆ ಬೆರಳಿಗೆ ಏನಾದರೂ ತಾಗಬೇಕು. ಅವರ ದೃಷ್ಟಿ ಅಡುಗೆಮನೆಯ ಈರುಳ್ಳಿ ಬುಟ್ಟಿಯ ಮೇಲೆ ನಿಂತಿತು. ಗುಲಾಬಿಗಳನ್ನು ಕಿತ್ತು ಹಿತ್ತಲಿಗೆ ಗಡಿಪಾರು ಮಾಡಿ, ಆರು ದುಂಡನೆಯ ಈರುಳ್ಳಿ ಆರಿಸಿ, ಒಂದೊಂದು ಕುಂಡಕ್ಕೆ ಒಂದೊಂದರಂತೆ ಹೂತರು. ಮೇಲೆ ಒಣಮಣ್ಣು ಉದುರಿಸಿದರು. ಇಲಾಖೆಯ ಯಾವ ಕಡತವನ್ನೂ ಅವರು ಅಷ್ಟು ಅಚ್ಚುಕಟ್ಟಾಗಿ ಮುಚ್ಚಿರಲಿಲ್ಲ.

ಆದರೆ ಈರುಳ್ಳಿಗೆ ಮಲಗುವ ಅಭ್ಯಾಸವಿಲ್ಲ. ಪ್ರೇಮಮ್ಮ ಬಂದಿಳಿಯುವ ಹೊತ್ತಿಗೆ ಆರೂ ಕುಂಡದಲ್ಲಿ ಹಸಿರು ಕೊಳವೆಗಳು ಗೇಣುದ್ದ ಎದ್ದು ನಿಂತಿದ್ದವು.

ಅವಳು ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ನೇರವಾಗಿ ಅಲ್ಲಿಗೇ ಹೋದಳು. ಬಗ್ಗಿದಳು. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ಹಾಲಸ್ವಾಮಿಯವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಪ್ರೇಮಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಖ ತೊಳೆದು ಬರಲು ಎಂದಿಗಿಂತ ಹೆಚ್ಚು ಹೊತ್ತಾಯಿತು.

"ಏನ್ರೀ," ಎಂದಳು ಬಂದವಳು, "ಮೇ ತಿಂಗಳಿಗೆ ಏಳಬೇಕಾದವು ಮಾರ್ಚಿಗೇ ಎದ್ದಾವಲ್ಲ!"

"ನಾನು… ನಾನು ಮುಟ್ಟಿಲ್ಲಪ್ಪ."

"ನಿಮ್ಮ ಕೈಗುಣ ಇರಬೇಕು. ನಾನು ಇಷ್ಟು ವರ್ಷ ನೋಡಿಕೊಂಡ್ರೂ ಒಂದಿನ ಮೊದಲು ಎದ್ದಿಲ್ಲ. ಇನ್ನು ಇವನ್ನ ನೀವೇ ನೋಡ್ಕೋಬೇಕು, ಕೈ ಬದಲಾದ್ರೆ ಮುನಿಸ್ಕೊಂತಾವೆ."

ಹಾಲಸ್ವಾಮಿಯವರಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವಕ್ಕೆ ಏನು ಕಾದಿದೆಯೆಂದು ಮರುದಿನ ತಿಳಿಯಿತು. ಅಕಾಲದಲ್ಲಿ ಎದ್ದ ಗೆಡ್ಡೆಗೆ ಬೆಳಗಿನ ಬಿಸಿಲು ಬೇಕಂತೆ, ಹನ್ನೊಂದರ ಬಿಸಿಲು ಆಗದಂತೆ. ಹೀಗಾಗಿ ಆರು ಕುಂಡಗಳನ್ನೂ ಬೆಳಿಗ್ಗೆ ಗೋಡೆಯ ಬಳಿಯಿಂದ ಗೇಟಿನ ಬಳಿಗೆ, ಹನ್ನೊಂದಕ್ಕೆ ಗೇಟಿನ ಬಳಿಯಿಂದ ಗೋಡೆಯ ಬಳಿಗೆ ಹೊತ್ತು ಸಾಗಿಸಬೇಕಾಯಿತು. ಒಂದೊಂದು ಕುಂಡವೂ ತುಂಬಿದ ಗ್ಯಾಸ್ ಸಿಲಿಂಡರಿನಷ್ಟು ತೂಕ. ವಾರಕ್ಕೆರಡು ಸಲ ನೀರು ಮಜ್ಜಿಗೆ. ಕಳೆ ಕೀಳಲು ಊಟದ ಚಮಚ.

"ನೀವು ಎಮ್ಮೆಗಳ ಹತ್ರ ಮಾತಾಡ್ತಿರಲಿಲ್ವಾ, ಹಂಗೆ ಇವುಗಳ ಹತ್ರಾನೂ ಎರಡು ಮಾತಾಡ್ರಿ," ಎಂದು ಪ್ರೇಮಮ್ಮ ಒಳಗಿನಿಂದ ಕೂಗುತ್ತಿದ್ದಳು.

ಹಾಲಸ್ವಾಮಿಯವರು ಈರುಳ್ಳಿಗಳೊಡನೆ ಮಾತಾಡಿದರು. ಬೇರೆಯವರಿಗೆ ಹೇಳಲಾಗದ ಮಾತುಗಳು ಅವರ ಬಳಿ ಸಾಕಷ್ಟಿದ್ದವು.

ಏಪ್ರಿಲ್ ಕೊನೆಗೆ ಇನ್ನೊಂದು ವಿಚಿತ್ರ ನಡೆಯಿತು. ಮೂರು ಕುಂಡಗಳಲ್ಲಿ ಎಲೆಗಳ ನಡುವಿನಿಂದ ಉದ್ದನೆಯ ಕಡ್ಡಿ ಎದ್ದು, ಅದರ ತುದಿಯಲ್ಲಿ ಗುಂಡನೆಯ ಚೆಂಡಿನಂಥ ಹೂ ಬಿಟ್ಟಿತು! ಈರುಳ್ಳಿಯೂ ಚೆಂಡುಹೂ ಬಿಡುತ್ತದೆ ಎಂಬ ಶುಭ ಸಮಾಚಾರ ಹಾಲಸ್ವಾಮಿಯವರಿಗೆ ಅವತ್ತೇ ತಿಳಿದದ್ದು. ಕುಲದೇವರಿಗೆ ಮನಸ್ಸಿನಲ್ಲೇ ಕಾಯಿ ಒಡೆದರು. ದೋಷವೆಂದರೆ ಒಂದೇ: ಬಣ್ಣ ಬಿಳುಪು.

"ಪ್ರೇಮಾ, ನೋಡಿದೆಯಾ? ಬಿಟ್ಟೇ ಬಿಡ್ತು! ಸ್ವಲ್ಪ ಬೆಳ್ಳಗಾಗೈತೆ ಅನ್ನೋದು ಬಿಟ್ರೆ… ಈಗಿನ ಹವಾಮಾನ ನೋಡು, ಎಲ್ಲಾ ಏರುಪೇರು."

ಪ್ರೇಮಮ್ಮ ಹೂವನ್ನೂ ಗಂಡನ ತಲೆಯನ್ನೂ ಒಂದು ಸಲ ನೋಡಿದಳು. "ಹೌದು ಬಿಡ್ರಿ. ವಯಸ್ಸಾದ ಮೇಲೆ ಎಲ್ಲರಿಗೂ ಬೆಳ್ಳಗಾಗ್ತೈತೆ, ಪಾಪ." ಆಮೇಲೆ ಸೇರಿಸಿದಳು, "ಗುರುವಾರ ಬೀದಿ ಹೆಣ್ಮಕ್ಳನ್ನೆಲ್ಲ ಪಾನಕಕ್ಕೆ ಕರೆದೀನಿ, ಹೂ ನೋಡಾಕೆ. ಹೆಂಗೆ ಬೆಳೆಸಿದ್ರಿ ಅಂತ ನೀವೇ ಎದ್ದು ನಿಂತು ಹೇಳಬೇಕು."

ಬೀದಿಯ ಹೆಣ್ಣುಮಕ್ಕಳ ಮುಂದೆ ಈರುಳ್ಳಿ ಹೂವಿನ ಬಗ್ಗೆ ಉಪನ್ಯಾಸ! ಗುರುವಾರ ತನಗೆ ಜ್ವರ ಬರಬೇಕೆಂದು ಹಾಲಸ್ವಾಮಿಯವರು ನಿಶ್ಚಯಿಸಿದರು. ಆದರೆ ಜ್ವರದ ಅಗತ್ಯ ಬೀಳಲಿಲ್ಲ. ಬುಧವಾರ ಬೆಳಿಗ್ಗೆಯೇ ಪಕ್ಕದ ಮನೆ ಪ್ರಮೀಳಾ ಗೇಟು ತಳ್ಳಿಕೊಂಡು ಓಡಿಬಂದಳು.

"ಪ್ರೇಮಕ್ಕಾ! ಸುಂಕಲಮ್ಮನೋರ ತುಳಸಿ ಕಟ್ಟೆಯಾಗೆ ಪವಾಡ ಆಗೈತಂತೆ! ಮೊನ್ನೆ ಮಳೆ ಬಂತಲ್ಲ, ಇವತ್ತು ಬೆಳಿಗ್ಗೆ ಎದ್ದು ನೋಡಿದ್ರೆ ತುಳಸಿ ಸುತ್ತ ಕೆಂಪು ಚೆಂಡು ಎದ್ದು ನಿಂತಾವಂತೆ! ಥೇಟ್ ನಿಮ್ಮ ಮೇ ಫ್ಲವರ್ ಇದ್ದಂಗೆ. ಆದ್ರೆ ಯಾರೂ ನೆಟ್ಟಿಲ್ಲ!"

ಪ್ರೇಮಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಹಾಲಸ್ವಾಮಿಯವರು ಆಕಾಶದಲ್ಲಿ ಮೋಡಗಳನ್ನು ಹುಡುಕುತ್ತಿದ್ದರು.

ಅಂಜಿನಪ್ಪನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಊದುಬತ್ತಿಯ ಹೊಗೆ, ತೆಂಗಿನಕಾಯಿ ಚಿಪ್ಪು, ಮೊಬೈಲಿನಲ್ಲಿ ಫೋಟೋ ತೆಗೆಯುವವರು. ಕಟ್ಟೆಯ ಮೇಲೆ ತುಳಸಿಯ ಸುತ್ತ ಅಂಗೈ ಅಗಲದ ನಾಲ್ಕು ರಕ್ತಗೆಂಪು ಚೆಂಡುಗಳು. ನಾಲ್ಕು ದಿಕ್ಕಿಗೆ ನಾಲ್ಕು ಎಂದು ಜನ ಹೇಳುತ್ತಿದ್ದರು. (ಎರಡು ಒಂದೇ ದಿಕ್ಕಿನಲ್ಲಿದ್ದವು. ಭಕ್ತಿಗೆ ಅದು ಕಾಣಲಿಲ್ಲ.) ಸುಂಕಲಮ್ಮ ಬಂದವರಿಗೆಲ್ಲ ಕುಂಕುಮ ಕೊಡುತ್ತಾ, ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಹೇಳುತ್ತಿದ್ದಳು: "ನಾನು ನೆಟ್ಟಿಲ್ಲ, ಇವರು ನೆಟ್ಟಿಲ್ಲ. ಹೊಳೆ ಮಣ್ಣಿನ ಮಹಿಮೆ ಕಣ್ರಮ್ಮಾ. ನಮ್ಮನೆಯೋರು ಬಿಸಿಲಾಗೆ ಹೊನ್ನಾಳಿಗೆ ಹೋಗಿ, ಹೊಳೆಗೆ ಇಳಿದು, ಸ್ವಂತ ಕೈಯಿಂದ ತಂದಿದ್ದು."

ಮೂಲೆಯಲ್ಲಿ ಅಂಜಿನಪ್ಪ ಕೈಕಟ್ಟಿ ನಿಂತಿದ್ದರು. ಯಾರೋ ಅವರ ಹಣೆಗೆ ವಿಭೂತಿ ಬಳಿದು ಕೊರಳಿಗೆ ಹಾರ ಹಾಕಿದ್ದರು. ಹಾರದೊಳಗಿನ ಮುಖ ನೇಣಿಗೆ ಹೊರಟವನದಾಗಿತ್ತು.

ಪ್ರೇಮಮ್ಮ ಕಟ್ಟೆಯ ಮುಂದೆ ಬಹಳ ಹೊತ್ತು ನಿಂತಳು. ಒಂದು ಹೂವನ್ನು ಬೆರಳ ತುದಿಯಿಂದ ಮುಟ್ಟಿದಳು. ಹಾಲಸ್ವಾಮಿಯವರು ಮೆಲ್ಲಗೆ ಅಂಜಿನಪ್ಪನ ಹಿಂದೆ ಸರಿದು ನಿಂತರು. ಈಗ ಕೂಗುತ್ತಾಳೆ, ಈಗ! ಆದರೆ ಪ್ರೇಮಮ್ಮ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹಿಂದೆ ಸರಿದಳು.

"ಅಂಜಿನಪ್ಪಣ್ಣಾ, ಮಣ್ಣು ಯಾವಾಗ ತಂದಿದ್ದು?"

"ಫೆ… ಫೆಬ್ರವರಿ."

"ಓ, ನಾನು ಸೊಕ್ಕೆಗೆ ಹೋಗಿದ್ದಾಗ. ನಮ್ಮ ಮನೆ ಮೇ ಫ್ಲವರು ನೋಡ್ರಿ, ಈ ಸಲ ಪೂರ್ತಿ ಬೆಳ್ಳಗಾಗಿಬಿಟ್ಟೈತೆ. ಮಣ್ಣಿನಾಗೆ ಸತ್ವ ಇಲ್ಲ."

"ಹೊಳೆ ಮಣ್ಣು ಹಾಕ್ರಿ ಪ್ರೇಮಕ್ಕ!" ಎಂದಳು ಪ್ರಮೀಳಾ.

"ಅದೇ ಅಂದ್ಕೊಂಡೆ. ಭಾನುವಾರ ನಮ್ಮನೆಯೋರು ಹೋಗ್ತಾರೆ. ದಾರಿ ತೋರಿಸಾಕೆ ಅಂಜಿನಪ್ಪಣ್ಣನೂ ಬರ್ತಾರೆ, ಅಲ್ವಾ ಅಣ್ಣಾ? ಒಂದ್ಸಲ ಹೋದೋರು."

ಅಂಗಳದಲ್ಲಿದ್ದ ಹೆಂಗಸರಲ್ಲಿ ಅರ್ಧ ಜನ ನಮಗೊಂದು ಚೀಲ, ನಮಗೊಂದು ಚೀಲ ಎಂದರು.

ಹೀಗೆ ಮೇ ತಿಂಗಳ ಭಾನುವಾರ, ನೆತ್ತಿ ಸುಡುವ ಹೊತ್ತಿನಲ್ಲಿ, ನಿವೃತ್ತ ಸರ್ಕಾರಿ ನೌಕರರೊಬ್ಬರು ಮತ್ತು ಹೊಸ ಮನೆಯ ಯಜಮಾನರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಹೊನ್ನಾಳಿಯ ಹೊಳೆದಂಡೆಯಲ್ಲಿ ಮಣ್ಣು ಅಗೆಯುತ್ತಿದ್ದರು. ಐದನೆಯ ಚೀಲ ತುಂಬುವಾಗ ಮೇಲಿನಿಂದ ಕೂಗು ಕೇಳಿತು.

"ಯಾರ್ರೀ ಅದು? ಹಗಲೇ ಮರಳು ಕದಿಯಾಕೆ ಬಂದೀರಾ? ಲಾರಿ ಎಲ್ಲಿ ನಿಲ್ಸೀರಿ?"

ಕೋಲು ಹಿಡಿದು ಇಳಿದು ಬಂದ ಮುದುಕ ಹತ್ತಿರ ಬಂದು ಕಣ್ಣು ಕಿರಿದು ಮಾಡಿದ. "ಅಯ್ಯೋ, ನೀವು ನಮ್ಮ ಎಮ್ಮೆಗೆ ಇಂಜೆಕ್ಷನ್ ಕೊಡ್ತಿದ್ದ ಡಾಕ್ಟ್ರಲ್ವಾ? ನಾನು ಉಚ್ಚಂಗೆಪ್ಪ!" ಅವನ ದೃಷ್ಟಿ ಗುದ್ದಲಿಯಿಂದ ಚೀಲಕ್ಕೆ, ಚೀಲದಿಂದ ಕೆಸರಾದ ಪಂಚೆಗೆ ಇಳಿಯಿತು. ಧ್ವನಿ ಮೆತ್ತಗಾಯಿತು. "ಪಿಂಚಣಿ ಬರ್ತಿಲ್ವಾ ಸ್ವಾಮಿ?"

"ಬರ್ತೈತೆ ಉಚ್ಚಂಗೆಪ್ಪ. ಇದು ಹೂವಿನ ಕುಂಡಕ್ಕೆ."

"ಹೂಂ ಹೂಂ. ನಾನು ಯಾರಿಗೂ ಹೇಳಲ್ಲ ಬಿಡ್ರಿ." ಉಚ್ಚಂಗೆಪ್ಪ ನಂಬಲಿಲ್ಲ. ನಿಟ್ಟುಸಿರಿಟ್ಟು, ತನ್ನ ಬುತ್ತಿಯಿಂದ ಒಂದು ರೊಟ್ಟಿಯನ್ನು ಬಲವಂತವಾಗಿ ಅವರ ಕೈಗಿಟ್ಟು ಹೋದ. ಮೂವತ್ನಾಲ್ಕು ವರ್ಷದ ಸೇವೆಯಲ್ಲಿ ಹಾಲಸ್ವಾಮಿಯವರನ್ನು ಯಾರೂ ಅಷ್ಟು ಕನಿಕರದಿಂದ ನೋಡಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರು ಮಣ್ಣಿನ ಚೀಲಗಳಿಗೆ ಲಗೇಜು ಟಿಕೆಟ್ ಹರಿದ. ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ಇಬ್ಬರೂ ಕೂತಿದ್ದರು.

"ಅಂಜಿನಪ್ಪ, ನನ್ನ ಕೈಲಿ ಆಗಲ್ಲ. ಇವತ್ತು ಪ್ರೇಮಗೆ ಎಲ್ಲಾ ಹೇಳಿಬಿಡ್ತೀನಿ."

"ನಿಮ್ಮ ಮನೆ ಮಟ್ಟಿಗೆ ಹೇಳ್ಕೊಳ್ರಿ," ಎಂದರು ಅಂಜಿನಪ್ಪ ಕಿಟಕಿಯಾಚೆ ನೋಡುತ್ತಾ. "ನಾನು ಈಗ ತಾನೇ ನಿಜವಾಗ್ಲೂ ಹೊಳೆಗೆ ಇಳಿದು ಬಂದೀನಿ. ದಿನಾಂಕ ಒಂದು ಹಿಂದೆಮುಂದೆ ಆಗೈತೆ, ಅಷ್ಟೇ."

ಮನೆ ತಲುಪಿದಾಗ ಪ್ರೇಮಮ್ಮ ಅಂಗಳದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದಳು. ಹಾಲಸ್ವಾಮಿಯವರು ಚೀಲವನ್ನು ಹೆಗಲಿಂದ ಇಳಿಸಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕುಸಿದು, ಇಲಿಯಿಂದ ಹಿಡಿದು ಈರುಳ್ಳಿಯವರೆಗೆ ಒಂದೂ ಬಿಡದೆ ಹೇಳಿದರು. ಕೊನೆಗೆ "ನಿಮ್ಮವ್ವ ಕೊಟ್ಟಿದ್ದು ಅಂತ ಗೊತ್ತಿರಲಿಲ್ಲ ಪ್ರೇಮಾ" ಎನ್ನುವಾಗ ಅವರ ಧ್ವನಿ ನಿಜವಾಗಿ ಒಡೆಯಿತು.

ಪ್ರೇಮಮ್ಮನ ಕೈ ಮೊಗ್ಗು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಸೊಕ್ಕೆಯಾಗೆ ಹುಟ್ಟಿದೋಳು ನಾನು. ಹೊಲದ ತುಂಬ ಈರುಳ್ಳಿ ನೋಡ್ಕೊಂಡು ಬೆಳೆದೋಳು. ಈರುಳ್ಳಿ ಎಲೆ ಗುರುತು ಸಿಗಲ್ವೇನ್ರೀ ನನಗೆ? ಬಸ್ಸಿಳಿದು ಬಂದ ದಿನವೇ ಎಲೆ ಹಿಚುಕಿ ಮೂಸಿ ನೋಡಿದೆ."

"ಅವತ್ತೇನಾ?"

"ಅವತ್ತೇ. ಬಚ್ಚಲಾಗೆ ನಿಂತು ಅತ್ತೆ. ಹೊರಗೆ ಬಂದು ನಿಮ್ಮ ಜನ್ಮ ಜಾಲಾಡಬೇಕು ಅಂತಲೇ ಬಂದೆ. ನಿಮ್ಮ ಮುಖ ನೋಡಿದೆ. ಬಾಗಿಲು ಹಿಡ್ಕೊಂಡು ನಿಂತಿದ್ರಿ, ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟ ಹುಡುಗನಂಗೆ. ಬೈಯಾಕೆ ಬಾಯಿ ಬರಲಿಲ್ಲ. ಇಷ್ಟು ವರ್ಷದಾಗೆ ಒಂದು ಗಿಡಕ್ಕೆ ಬೆನ್ನು ಬಗ್ಗಿಸಿದೋರಲ್ಲ, ಈರುಳ್ಳಿಗಾದ್ರೂ ಬಗ್ಗಿಸ್ಲಿ ಅಂತ ಬಿಟ್ಟೆ."

"ಸರಿ, ಸುಂಕಲಮ್ಮನ ಮನೆಯಾಗೆ ಯಾಕೆ ಸುಮ್ಮನಿದ್ದೆ? ನಿನ್ನ ಹೂವು ಅಂತ ಒಂದು ಮಾತು ಹೇಳಬಹುದಿತ್ತು."

"ಯಾಕೆ ಹೇಳಲಿ?" ಪ್ರೇಮಮ್ಮ ಈಗ ತಲೆಯೆತ್ತಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಇಷ್ಟು ವರ್ಷ ನಮ್ಮ ಗೋಡೆ ಪಕ್ಕ ಅರಳಿದಾಗ 'ಚೆನ್ನಾಗೈತೆ' ಅಂದು ಪಾನಕ ಕುಡಿದು ಹೋದ್ರು. ಒಬ್ಬರಾದ್ರೂ ಕೈಮುಗಿದ್ರಾ? ನಮ್ಮವ್ವನ ಹೂವಿಗೆ ಅಲ್ಲಿ ಊರೇ ಕೈಮುಗೀತಿತ್ತು. ನೋಡ್ತಾ ನಿಂತಿದ್ದೆ. ಇರಲಿ ಬಿಡ್ರಿ ಅಲ್ಲೇ. ಮಳೆಗಾಲ ಕಳೀಲಿ, ಗೆಡ್ಡೆ ಮರಿ ಹಾಕ್ತಾವೆ. ಪ್ರಸಾದ ಅಂತ ಎರಡು ಕೇಳಿದ್ರೆ ಸುಂಕಲಮ್ಮ ಕೊಡಲ್ವಾ?"

ಹಾಲಸ್ವಾಮಿಯವರು ಕಣ್ಣೊರೆಸಿಕೊಂಡರು. ಹೆಂಡತಿಯ ಮೇಲೆ ಅಪಾರ ಗೌರವ ಉಕ್ಕಿ ಬಂತು. ಅದರ ಹಿಂದೆಯೇ ಒಂದು ಸಂಶಯವೂ ಬಂತು.

"ಮತ್ತೆ ಎಲ್ಲಾ ಗೊತ್ತಿದ್ದೂ ನನ್ನನ್ನ ಹೊನ್ನಾಳಿಗೆ ಯಾಕೆ ಕಳಿಸಿದೆ?"

ಪ್ರೇಮಮ್ಮ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು. "ಎಷ್ಟು ನುಣುಪಾಗೈತೆ ನೋಡ್ರಿ! ಕನಕಾಂಬರಕ್ಕೆ ಇದರಂಥ ಮಣ್ಣಿಲ್ಲ. ಒಂದು ಚೀಲ ಹೊಳೆ ಮಣ್ಣು ತಂದ್ಕೊಡ್ರಿ ಅಂತ ನೀವು ಹೊನ್ನಾಳಿಯಾಗೆ ಕೆಲಸಕ್ಕಿದ್ದಾಗಿಂದ ಕೇಳ್ತಿದ್ದೆ. ಸರ್ಕಾರಿ ನೌಕರ ಮಣ್ಣು ಹೊರಬಾರದು ಅಂತಿದ್ರಿ."

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪ್ರಮೀಳಾಳ ತಲೆ ಮೇಲೆದ್ದಿತು. "ಪ್ರೇಮಕ್ಕಾ, ನಮ್ಮ ಮನೆಗೆ ಒಂದು ಚೀಲ ಸಾಲಲ್ಲ. ಹಿಂದಿನ ಬೀದಿಯೋರೂ ಕೇಳ್ತಿದಾರೆ. ಮುಂದಿನ ಭಾನುವಾರ ಸ್ವಾಮಣ್ಣೋರಿಗೆ ಪುರುಸೊತ್ತು ಇರ್ತೈತಾ?"

ಹಾಲಸ್ವಾಮಿಯವರು ಬಾಯಿ ತೆರೆದರು. ಆದರೆ ಆ ಮನೆಯಲ್ಲಿ ಉತ್ತರ ಕೊಡುವ ಕೆಲಸ ಅವರದಲ್ಲ.

"ಇರ್ತೈತೆ ಕಣಮ್ಮ, ಯಾಕಿರಲ್ಲ?" ಎಂದಳು ಪ್ರೇಮಮ್ಮ. "ಎಷ್ಟು ಚೀಲ ಅಂತ ಒಂದು ಚೀಟಿಯಾಗೆ ಬರೆದು ಕೊಟ್ಟುಬಿಡ್ರಿ. ಒಂದೇ ಕಡೆ ಬರೀರಿ. ನಮ್ಮನೆಯೋರು ಹಾಳೆ ತಿರುವಿ ನೋಡಲ್ಲ."